ಹಣ್ಣಿನ ಘಮ ಜಾಸ್ತಿ ಇದ್ದರೆ ವೈನ್ ಕೀಳಾ?

ಪ್ರಶ್ನೆ: ನಾವು ಐದು ಜನ ಗೆಳೆಯರು, ಚಿತ್ರದುರ್ಗದಲ್ಲಿ ಕೆಲಸ. ತಿಂಗಳಿಗೊಂದು ಸಲ ಯಾರಾದರೊಬ್ಬರ ಮನೆಯಲ್ಲಿ ಸೇರಿ ಕಡಿಮೆ ಬೆಲೆಯ ಕೆಂಪು ವೈನ್ ರುಚಿ ನೋಡುತ್ತೇವೆ. ಹೆಚ್ಚಾಗಿ ಎರಡು ಮೂರು ಬಗೆಯ ದ್ರಾಕ್ಷಿ ಬೆರೆಸಿದವು, 600ರಿಂದ 900 ರೂಪಾಯಿ ಒಳಗಿನವು. ನನಗೆ ಹಣ್ಣಿನ ಘಮ ಜೋರಾಗಿರುವುದು ಇಷ್ಟ. ಬೆಂಗಳೂರಿನಲ್ಲಿ ಇದ್ದು ಬಂದ ಒಬ್ಬ ಗೆಳೆಯ ಮಾತ್ರ ‘ಇದು ಜ್ಯೂಸ್ ಕಣೋ, ವೈನ್ ಅಲ್ಲ’ ಅನ್ನುತ್ತಾನೆ. ಅಗ್ಗದ ವೈನಿನಲ್ಲಿ ಒಳ್ಳೆಯದನ್ನು ಗುರುತಿಸುವುದು ಹೇಗೆ? ಮಾರ್ಕ್ಸ್ ಹಾಕುವುದು ಹೇಗೆ? ಮಿರ್ಚಿ ಮಂಡಕ್ಕಿ ಜೊತೆ ಇದು ಹೊಂದುತ್ತದೆಯೇ?

ಉತ್ತರ: ನಿಮ್ಮ ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಪೂರ್ತಿ ಒಪ್ಪಲೂ ಬೇಡಿ. ಹಣ್ಣಿನ ಘಮ ಜೋರಾಗಿರುವುದು ದೋಷವಲ್ಲ. 700 ರೂಪಾಯಿಯ ವೈನಿನಿಂದ ನಾವು ಕೇಳಬಹುದಾದ ಅತಿ ಒಳ್ಳೆಯ ಗುಣವೇ ಅದು. ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಇಟ್ಟು ಬರುವ ಆಳವನ್ನು ಆ ಬೆಲೆಗೆ ಯಾರೂ ಕೊಡಲಾರರು. ತಾಜಾ ಹಣ್ಣನ್ನು ಮಾತ್ರ ಖಂಡಿತ ಕೊಡಬಹುದು. ಆದರೆ ಆ ಘಮದ ಹಿಂದೆ ನಿಜವಾದ ಹಣ್ಣು ಇದೆಯೋ, ಬರೀ ಸಕ್ಕರೆ ಇದೆಯೋ ಅನ್ನುವುದು ಬೇರೆ ಪ್ರಶ್ನೆ. ಗೆಳೆಯರು ಜ್ಯೂಸ್ ಅಂದಾಗ ಬಹುಶಃ ಅದನ್ನೇ ಹೇಳುತ್ತಿರಬೇಕು. ನಾನು ದಾವಣಗೆರೆಯವನು. ವೈನ್ ಕಾರ್ಖಾನೆಯ ಲ್ಯಾಬಿನಲ್ಲಿ ಬಹಳ ವರ್ಷ ರುಚಿ ನೋಡುವ ಕೆಲಸವನ್ನೇ ಮಾಡಿದ್ದೇನೆ. ಅಗ್ಗದ ಕೆಂಪು ವೈನ್ ಬಾಯಿಗೆ ಹಾಕಿದಾಗ ನಾನು ಕೇಳಿಕೊಳ್ಳುವುದು ಒಂದೇ ಮಾತು: ಹಣ್ಣಿನ ಕೆಳಗೆ ಹುಳಿ ಇದೆಯಾ?

ಹುಳಿ ಯಾಕೆ ಅಂತ ತಿಳಿಯಲು ಹಿರಿಯೂರಿನ ಕಡೆಯ ಒಂದು ದಾಳಿಂಬೆ ಬಿಡಿಸಿ ತಿನ್ನಿ. ಸಿಹಿ ಇದೆ, ಆದರೆ ಕಾಳು ಒಡೆದ ಕೂಡಲೇ ಬಾಯಲ್ಲಿ ನೀರು ಬರುತ್ತದೆ. ಆ ನೀರು ತರಿಸುವುದು ಹುಳಿ. ಅದು ಇರುವುದರಿಂದಲೇ ಇನ್ನೊಂದು ಹಿಡಿ ಬೇಕು ಅನ್ನಿಸುತ್ತದೆ. ಈಗ ಸಕ್ಕರೆ ನೀರಿಗೆ ಕೆಂಪು ಎಸೆನ್ಸ್ ಹಾಕಿದ ಶರಬತ್ತು ಕುಡಿಯಿರಿ. ಮೊದಲ ಗುಟುಕು ಚೆನ್ನ. ಮೂರನೆಯದಕ್ಕೆ ನಾಲಿಗೆ ಅಂಟಂಟು. ವೈನಿನಲ್ಲೂ ಹೀಗೆಯೇ. ದ್ರಾಕ್ಷಿಯ ಮುಖ್ಯ ಹುಳಿಯ ಹೆಸರು ಟಾರ್ಟಾರಿಕ್ ಆಮ್ಲ. ನಮ್ಮ ಹುಣಸೆಹಣ್ಣಿನಲ್ಲಿರುವುದೂ ಅದೇ. ಹಾಗಾಗಿ ನಮ್ಮ ನಾಲಿಗೆಗೆ ಈ ಹುಳಿಯ ಪರಿಚಯ ಹೊಸದಾಗಿ ಬೇಕಿಲ್ಲ. ಸಾರಿಗೆ ಹುಣಸೆ ಸಾಕಾಗಿಲ್ಲ ಅಂತ ತಕ್ಷಣ ಹೇಳುವವರು ವೈನಿಗೆ ಹುಳಿ ಸಾಕಾಗಿಲ್ಲ ಅಂತಲೂ ಹೇಳಬಲ್ಲರು. ಬಿಸಿಲು ಸೀಮೆಯಲ್ಲಿ ದ್ರಾಕ್ಷಿ ಬೇಗ ಸಿಹಿಯಾಗುತ್ತದೆ, ಹುಳಿ ಬೇಗ ಇಳಿಯುತ್ತದೆ. ಅದಕ್ಕೇ ಬಿಸಿ ಪ್ರದೇಶದ ವೈನ್ ತಯಾರಕರು ಬೇಕಾದಷ್ಟು ಟಾರ್ಟಾರಿಕ್ ಸೇರಿಸುವುದೂ ಇದೆ. ಅದು ಮೋಸವಲ್ಲ, ಸಾರಿಗೆ ಹುಣಸೆ ಹಿಂಡಿದ ಹಾಗೆ. ಸರಿಯಾಗಿ ಸೇರಿಸಿದ್ದಾರಾ ಅನ್ನುವುದಷ್ಟೇ ಮುಖ್ಯ.

ಈಗ ಒಂದು ಪರೀಕ್ಷೆ. ಇದೊಂದನ್ನು ಕಲಿತರೆ ಅರ್ಧ ಕೆಲಸ ಆಯಿತು. ಮೂಗನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಒಂದು ಸಣ್ಣ ಗುಟುಕು ಬಾಯಿಗೆ ಹಾಕಿ, ನಾಲಿಗೆಯ ಮೇಲೆಲ್ಲ ಓಡಾಡಿಸಿ. ಈಗ ನಿಮಗೆ ಹಣ್ಣು ಗಿಣ್ಣು ಯಾವುದೂ ಗೊತ್ತಾಗುವುದಿಲ್ಲ. ಸಿಹಿ, ಹುಳಿ, ಕಹಿ, ಒಗರು, ಆಲ್ಕೋಹಾಲಿನ ಉರಿ ಇಷ್ಟೇ ಸಿಗುತ್ತದೆ. ವೈನಿನ ಅಸ್ಥಿಪಂಜರ ಇದು. ಹುಳಿ ಎಷ್ಟು, ಸಿಹಿ ಎಷ್ಟು ಅಂತ ನೋಡಿಕೊಳ್ಳಿ. ಆಮೇಲೆ ಮೂಗು ಬಿಡಿ. ಒಮ್ಮೆಲೇ ನೇರಳೆ, ಅಂಜೂರ, ಮೆಣಸು ಎಲ್ಲ ಬಂದು ತುಂಬಿಕೊಳ್ಳುತ್ತದೆ. ಯಾಕೆಂದರೆ ಹಣ್ಣಿನ ರುಚಿ ಅಂತ ನಾವು ಅಂದುಕೊಳ್ಳುವುದರ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ.

ಮೂಗು ಹಿಡಿದಾಗ ಸಿಹಿ ಇಲ್ಲದೆ, ಬಿಟ್ಟಾಗ ಸಿಹಿ ಅನ್ನಿಸಿದರೆ ಅದು ಹಣ್ಣಿನ ಘಮ ತೋರಿಸಿದ ಸಿಹಿ. ಅಂಥ ವೈನಿನಲ್ಲಿ ಸಕ್ಕರೆ ಲೀಟರಿಗೆ 4 ಗ್ರಾಂ ಒಳಗೇ ಇರಬಹುದು. ಪುಸ್ತಕದ ಲೆಕ್ಕದಲ್ಲಿ ಅದು ಸಿಹಿ ಇಲ್ಲದ, ಡ್ರೈ ವೈನ್. ಮೂಗು ಹಿಡಿದಾಗಲೂ ಸಿಹಿ ಎದ್ದು ಕಂಡರೆ ಸಕ್ಕರೆ ನಿಜವಾಗಿಯೂ ಉಳಿದಿದೆ. ಜನಪ್ರಿಯವಾದ ಅಗ್ಗದ ಮಿಶ್ರಣಗಳಲ್ಲಿ ಲೀಟರಿಗೆ 10 ಗ್ರಾಂ ದಾಟುವುದು ಅಪರೂಪವಲ್ಲ. ಅದೂ ಅಪರಾಧವಲ್ಲ. ಅದರ ಎದುರು ಹುಳಿ ನಿಂತಿದೆಯಾ ಅಂತ ನೋಡಿ. ನಿಂತಿದ್ದರೆ ನಿಮ್ಮ ಇಷ್ಟ ಸರಿ. ನಿಂತಿಲ್ಲದಿದ್ದರೆ ನಿಮ್ಮ ಗೆಳೆಯರು ಸರಿ.

ಒಗರಿನ ವಿಷಯ ನಿಮಗೆ ಹೇಳಿಕೊಡಬೇಕಾಗಿಯೇ ಇಲ್ಲ. ಭೀಮಸಮುದ್ರ, ಚನ್ನಗಿರಿ ಕಡೆ ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ದಟ್ಟ ನೀರು, ನೋಡಿದ್ದೀರಲ್ವಾ? ಆ ಕೆಂಪು, ಆ ಒಗರು ಟ್ಯಾನಿನ್ ಎಂಬ ಗುಂಪಿನ ವಸ್ತುಗಳದ್ದು. ಕೆಂಪು ವೈನಿನಲ್ಲಿ ಅದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ಒಸಡು, ಕೆನ್ನೆಯ ಒಳಭಾಗ ಸ್ವಲ್ಪ ಬಿಗಿದ ಹಾಗಾಗುವುದು ಅದರಿಂದಲೇ. ಹಣ್ಣಿನ ಘಮದ ವೈನಿಗೆ ಅದು ಹದವಾಗಿ, ಚೆನ್ನಾಗಿ ಮಾಗಿದ ಹಣ್ಣಿನ ಸಿಪ್ಪೆಯಷ್ಟು ಇದ್ದರೆ ಸಾಕು. ಹಸಿ ಬಾಳೆಕಾಯಿ ಕಚ್ಚಿದಂತೆ ಬಾಯಿ ಕಟ್ಟಿದರೆ ದ್ರಾಕ್ಷಿ ಬಲಿಯುವ ಮುಂಚೆ ಕೊಯ್ದಿದ್ದಾರೆ, ಇಲ್ಲವೇ ಬೀಜ ಅರೆದು ಹೋಗುವಷ್ಟು ಹಿಂಡಿದ್ದಾರೆ.

ಬೆರೆಸಿದ ವೈನ್ ಅಂದರೆ ಕಲಬೆರಕೆ ಅಂತ ಇನ್ನೂ ಕೆಲವರು ಅಂದುಕೊಳ್ಳುತ್ತಾರೆ. ನನ್ನ ತಂದೆ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ನೂಲು ತೆಗೆಯುವ ಮುಂಚೆ ಬೇರೆ ಬೇರೆ ಕಡೆಯ ಹತ್ತಿಯ ಅಂಡಿಗೆ ಬಿಚ್ಚಿ ಬೆರೆಸುತ್ತಿದ್ದರು. ಒಂದರ ಎಳೆ ಉದ್ದ, ಇನ್ನೊಂದು ಗಟ್ಟಿ, ಮತ್ತೊಂದು ಬಿಳುಪು. ಬೆರೆಸುವುದೇ ಅಲ್ಲಿ ವಿದ್ಯೆ. ವೈನಿನಲ್ಲೂ ಒಂದೊಂದು ದ್ರಾಕ್ಷಿಗೆ ಒಂದೊಂದು ಕೆಲಸ: ಕ್ಯಾಬರ್ನೆ ಸೊವಿನ್ಯೊನ್ ಬೆನ್ನೆಲುಬು ಕೊಡುತ್ತದೆ, ಅಂದರೆ ಒಗರು. ಶಿರಾಜ್ ಗಾಢ ಬಣ್ಣ ಮತ್ತು ಮೆಣಸಿನ ಘಾಟು. ಮೆರ್ಲೊ ಮೆದು. ಗ್ರೆನಾಶ್ ಕೆಂಪು ಹಣ್ಣಿನ ಘಮ. ಫ್ರಾನ್ಸಿನ ಬೋರ್ಡೊ ಸೀಮೆಯ ಹೆಸರಾಂತ ಕೆಂಪು ವೈನುಗಳಲ್ಲಿ ಬಹುಪಾಲು ಮಿಶ್ರಣಗಳೇ. ಒಂದೇ ದ್ರಾಕ್ಷಿಯ ಹೆಸರು ಹೊತ್ತ ಬಾಟಲಿಯಲ್ಲೂ ಬೇರೆಯದು ಇರಬಹುದು: ಯುರೋಪಿನ ನಿಯಮದಲ್ಲಿ ಆ ದ್ರಾಕ್ಷಿ ಶೇ 85 ಇದ್ದರೆ ಸಾಕು, ಅಮೆರಿಕದಲ್ಲಿ ಶೇ 75. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಅವರ ‘ಲಾ ರಿಸರ್ವ್’ ಕೂಡ ಕ್ಯಾಬರ್ನೆ ಮತ್ತು ಶಿರಾಜ್ ಬೆರೆಸಿದ್ದು. ಭಾರತದ ಕೆಂಪು ವೈನಿಗೆ ಹೆಸರು ತಂದ ಬಾಟಲಿಗಳಲ್ಲಿ ಅದೂ ಒಂದು.

ಅಪ್ಪ ಹತ್ತಿ ಪರೀಕ್ಷೆ ಮಾಡುತ್ತಿದ್ದುದು ಕೈಯಲ್ಲೇ. ಒಂದು ಚಿಟಿಕೆ ಕಿತ್ತು, ಎರಡು ಹೆಬ್ಬೆರಳ ನಡುವೆ ಎಳೆದು, ಎಳೆ ಎಷ್ಟು ಉದ್ದ ಬರುತ್ತದೆ ಅಂತ ನೋಡುತ್ತಿದ್ದರು. ನಾನು ವೈನ್ ನುಂಗಿದ ಮೇಲೆ ಅದನ್ನೇ ಮಾಡುತ್ತೇನೆ. ಹಣ್ಣಿನ ಎಳೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನಸ್ಸಿನಲ್ಲೇ ಎಣಿಸುತ್ತೇನೆ. ಎರಡು ಸೆಕೆಂಡಿಗೆ ಹಣ್ಣು ಹೋಗಿ ಬರೀ ಉರಿ, ಅಂಟು ಉಳಿದರೆ ಕಡಿಮೆ ಅಂಕ. ಏಳೆಂಟು ಸೆಕೆಂಡು ನೇರಳೆ ಹಣ್ಣೇ ಉಳಿದರೆ, ಅಗ್ಗದ ವೈನಿಗೆ ಅದು ದೊಡ್ಡ ಮಾತು. ಎಣಿಸುವಾಗ ಯಾವುದು ಉಳಿದಿದೆ ಅಂತ ನೋಡಿ. ಕಹಿಯೂ ಉದ್ದ ನಿಲ್ಲಬಲ್ಲದು, ಅದಕ್ಕೆ ಅಂಕವಿಲ್ಲ.

ಇನ್ನು ನಮ್ಮ ಊರುಗಳ ದೊಡ್ಡ ತೊಂದರೆ ಸೆಕೆ. ಕೆಂಪು ವೈನನ್ನು ಮನೆಯ ಸಹಜ ಬಿಸಿಯಲ್ಲಿ ಕುಡಿಯಬೇಕು ಅಂತ ಎಲ್ಲೋ ಓದಿ ಜನ ಹಾಗೇ ಸುರಿದುಕೊಳ್ಳುತ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ, 17-18 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ನಮ್ಮ ಮನೆಯೊಳಗೆ 33 ಡಿಗ್ರಿ. ಆ ಬಿಸಿಗೆ ಆಲ್ಕೋಹಾಲು ಮೇಲೆದ್ದು ಮೂಗಿಗೆ ಹೊಡೆಯುತ್ತದೆ, ಸಿಹಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ, ಹುಳಿ ಮಂಕಾಗುತ್ತದೆ. ಒಳ್ಳೆಯ ವೈನೂ ಜ್ಯೂಸ್ ಅನ್ನಿಸುವುದು ಹೀಗೆ. ನಿಮ್ಮ ಜಗಳದಲ್ಲಿ ಅರ್ಧ ಇದರದ್ದೇ ಇರಬೇಕು ಅಂತ ನನ್ನ ಅಂದಾಜು. ಹಣ್ಣಿನ ಕೆಂಪು ವೈನಿಗೆ 14ರಿಂದ 16 ಡಿಗ್ರಿ ಸರಿ. ಫ್ರಿಜ್ಜಿನಲ್ಲಿ ಎರಡು ಗಂಟೆಯಾದರೂ ಇಡಿ. ಅವಸರ ಇದ್ದರೆ ಸ್ಟೀಲ್ ಪಾತ್ರೆಗೆ ಐಸು, ನೀರು ಎರಡೂ ಹಾಕಿ ಬಾಟಲಿ ಮುಳುಗಿಸಿ, ಕಾಲು ಗಂಟೆ ಸಾಕು. ಬರೀ ಐಸಿಗಿಂತ ಐಸು ನೀರು ಬೇಗ ತಣಿಸುತ್ತದೆ.

ಅಂಗಡಿಯನ್ನೂ ನೋಡಿ ಕೊಳ್ಳಿ. ಒಮ್ಮೆ ನಮ್ಮೂರಿನ ಒಂದು ಅಂಗಡಿಯಲ್ಲಿ ನಾನೇ ಕಾರ್ಖಾನೆಯಲ್ಲಿ ರುಚಿ ನೋಡಿ ಒಪ್ಪಿದ್ದ ವೈನು ಸಿಕ್ಕಿತು. ಖುಷಿಯಿಂದ ಮನೆಗೆ ತಂದು ತೆಗೆದರೆ ಬೇಯಿಸಿದ ಒಣದ್ರಾಕ್ಷಿಯ ವಾಸನೆ. ಮಾರನೇ ದಿನ ಹೋಗಿ ನೋಡಿದೆ. ಬಾಟಲಿ ಇಟ್ಟಿದ್ದ ಗಾಜಿನ ಕಪಾಟಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತಿತ್ತು. ಆ ವೈನಿನ ಹಿಂದೆ ಎಷ್ಟು ಜನರ ದುಡಿಮೆ ಇತ್ತು ಅಂತ ನನಗೆ ಗೊತ್ತಿತ್ತು, ತುಂಬಾ ಬೇಸರವಾಯಿತು. ಹಾಗಾಗಿ ಬಿಸಿಲಿಗೆ ಇಟ್ಟಿದ್ದನ್ನು, ಬಿರಡೆ ಮೇಲೆ ಉಬ್ಬಿದ್ದನ್ನು, ಕತ್ತಿನ ಹತ್ತಿರ ಅಂಟು ಒಸರಿದ್ದನ್ನು ತರಬೇಡಿ. ಕೊಯ್ಲಿನ ವರ್ಷ ಬರೆದಿದ್ದರೆ ಹೊಸದನ್ನೇ ಆರಿಸಿ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಏಪ್ರಿಲ್ ಒಳಗೆ ಆಗುತ್ತದೆ. ಈ ಬೆಲೆಯ ವೈನಿಗೆ ವಯಸ್ಸಾದಷ್ಟೂ ಹಣ್ಣು ಕಳೆಯುತ್ತದೆ, ಬೇರೇನೂ ಬರುವುದಿಲ್ಲ. ಎರಡು ಮೂರು ವರ್ಷದ ಒಳಗೆ ಕುಡಿದು ಮುಗಿಸುವಂಥದ್ದು ಇದು. ‘ರಿಸರ್ವ್’ ಅನ್ನುವ ಪದಕ್ಕೆ ಬೆಲೆ ಕೊಡಬೇಡಿ. ಸ್ಪೇನ್, ಇಟಲಿಯಂಥ ಕೆಲವು ಕಡೆ ಅಂಥ ಪದಕ್ಕೆ ಕಾನೂನಿನ ಅರ್ಥವಿದೆ, ಉಳಿದ ಬಹಳ ಕಡೆ ಅದು ಬರೀ ಅಲಂಕಾರ. ತಿರುಪು ಮುಚ್ಚಳ ಇದ್ದರೆ ಕೀಳು ಅಂತಲೂ ಅಂದುಕೊಳ್ಳಬೇಡಿ. ತಾಜಾ ಹಣ್ಣಿನ ವೈನಿಗೆ ನನ್ನ ಓಟು ಅದಕ್ಕೇ.

ಕೆಟ್ಟಿದೆ ಅಂತ ತಿಳಿಯುವುದು ಮೂಗಿನಿಂದ. ನೆನೆದ ರಟ್ಟು, ಮಳೆಯಲ್ಲಿ ನೆಂದ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ದೋಷ. ಉಗುರು ಬಣ್ಣ ಅಥವಾ ವಿನೆಗರ್ ಮೂಗಿಗೆ ಬಡಿದರೆ ಬ್ಯಾಕ್ಟೀರಿಯಾ ಕೈಯಾಡಿಸಿದೆ. ಬೆಂಕಿಕಡ್ಡಿ, ಕೊಳೆತ ಮೊಟ್ಟೆಯ ವಾಸನೆಗೆ ಮಾತ್ರ ಅವಸರ ಪಡಬೇಡಿ. ಗ್ಲಾಸಿನಲ್ಲಿ ಚೆನ್ನಾಗಿ ತಿರುಗಿಸಿ ಹತ್ತು ನಿಮಿಷ ಬಿಟ್ಟರೆ ಎಷ್ಟೋ ಸಲ ಹೋಗಿಬಿಡುತ್ತದೆ.

ವಾಸನೆಗೆ ಹೆಸರಿಡುವಾಗ ಬಾಟಲಿ ಹಿಂದಿನ ಚೀಟಿ ಓದಬೇಡಿ. ಬ್ಲ್ಯಾಕ್‌ಕರಂಟ್, ಬಾಯ್ಸನ್‌ಬೆರಿ ಅಂತ ಬರೆದಿರುತ್ತಾರೆ. ನಾವು ಅವನ್ನು ತಿಂದೇ ಇಲ್ಲ. ಜೋಗಿಮಟ್ಟಿ ಕಡೆ ಅಲೆದವರಿಗೆ ಕಾಡು ಹಣ್ಣಿನ ಹುಳಿ ಗೊತ್ತು. ಜೂನ್ ತಿಂಗಳ ನೇರಳೆ ಗೊತ್ತು, ರೇಷ್ಮೆ ಸಾಕುವವರ ತೋಟದ ಹಿಪ್ಪುನೇರಳೆ ಹಣ್ಣು ಗೊತ್ತು. ಅಂಜೂರ, ಖರ್ಜೂರ, ಒಣದ್ರಾಕ್ಷಿ ಅಡುಗೆಮನೆಯಲ್ಲೇ ಇವೆ. ಇವನ್ನೇ ಬರೆಯಿರಿ. ನೇರಳೆ, ಹಿಪ್ಪುನೇರಳೆ, ದಾಳಿಂಬೆ ಬಂದರೆ ಹಣ್ಣು ತಾಜಾ. ಖರ್ಜೂರ, ಒಣದ್ರಾಕ್ಷಿ ಬಂದರೆ ದ್ರಾಕ್ಷಿ ಅತಿಯಾಗಿ ಮಾಗಿದೆ ಅಥವಾ ಬಾಟಲಿ ಬಿಸಿ ತಿಂದಿದೆ. ದೊಣ್ಣೆಮೆಣಸಿನಕಾಯಿ ವಾಸನೆ ಬಂದರೆ ಕ್ಯಾಬರ್ನೆ ಸರಿಯಾಗಿ ಬಲಿತಿಲ್ಲ. ಶಿರಾಜ್ ಇದ್ದರೆ ಕಾಳುಮೆಣಸು ಬರುತ್ತದೆ. ಅದು ಬರೀ ಹೋಲಿಕೆಯಲ್ಲ. ರೊಟುಂಡೋನ್ ಎಂಬ ಒಂದೇ ವಸ್ತು ಎರಡರಲ್ಲೂ ಇದೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಸುಮಾರು ಐವರಲ್ಲಿ ಒಬ್ಬರಿಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಮ್ಮ ಐದು ಜನರಲ್ಲಿ ಒಬ್ಬರು ‘ಮೆಣಸೆಲ್ಲಿದೆ?’ ಅಂದರೆ ವಾದ ಮಾಡಬೇಡಿ, ಅವರ ಮೂಗು ಹಾಗಿದೆ.

ಬೇಕರಿಯ ದ್ರಾಕ್ಷಿ ಜ್ಯೂಸಿನ ಆ ಒಂದೇ ಒಂದು ದಟ್ಟ ವಾಸನೆ ಬಂದರೆ ಅದು ಬೆಂಗಳೂರು ಬ್ಲೂ ದ್ರಾಕ್ಷಿ ಇರಬಹುದು. ಅದರ ಘಮಕ್ಕೆ ಕಾರಣವಾದ ಮಿಥೈಲ್ ಆಂಥ್ರನಿಲೇಟ್ ಮಲ್ಲಿಗೆ ಹೂವಿನಲ್ಲೂ ಸ್ವಲ್ಪ ಇದೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮದೇ ದ್ರಾಕ್ಷಿ ಅದು, ತಿನ್ನಲು ನನಗೆ ಬಲು ಇಷ್ಟ. ಪೋರ್ಟ್ ಥರದ ಸಿಹಿ ವೈನಿಗೆ ಬಳಸುತ್ತಾರೆ. ಅದನ್ನು ಕ್ಯಾಬರ್ನೆ-ಶಿರಾಜ್ ಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ, ದಾರಿಯೇ ಬೇರೆ. ವೆನಿಲ್ಲಾ, ಕೊಬ್ಬರಿ, ಕಾಫಿ ವಾಸನೆ ಬಂದರೆ ಅದು ಓಕ್ ಮರದ್ದು. ಈ ಬೆಲೆಗೆ ಪೀಪಾಯಿ ಕಷ್ಟ, ಮರದ ಚೂರು ನೆನೆಸಿರುತ್ತಾರೆ. ಹಣ್ಣು ಮುಂದೆ, ಮರ ಹಿಂದೆ ಇದ್ದರೆ ಒಪ್ಪುತ್ತೇನೆ. ಮರವೇ ಮುಂದೆ ಬಂದರೆ ಏನನ್ನೋ ಮುಚ್ಚುತ್ತಿದ್ದಾರೆ ಅಂತ ನನಗೆ ಅನುಮಾನ.

ಮಾರ್ಕ್ಸ್ ವಿಷಯಕ್ಕೆ ಬರುತ್ತೇನೆ. ನನ್ನ ಹಾಳೆಯಲ್ಲಿ ಒಟ್ಟು 20. ವಾಸನೆ ಶುದ್ಧವಾಗಿದೆಯಾ ಅನ್ನುವುದಕ್ಕೆ 4, ಹಣ್ಣಿನ ತಾಜಾತನಕ್ಕೆ 5, ಸಿಹಿ-ಹುಳಿ ಹದಕ್ಕೆ 6, ಒಗರಿಗೆ 2, ಎಳೆಯ ಉದ್ದಕ್ಕೆ 3. ಬಣ್ಣಕ್ಕೆ ಸೊನ್ನೆ. ದೊಡ್ಡ ಸ್ಪರ್ಧೆಗಳಲ್ಲಿ ಬಣ್ಣಕ್ಕೂ ಅಂಕ ಇರುತ್ತದೆ, ಆದರೆ ಅಗ್ಗದ ಮಿಶ್ರಣದಲ್ಲಿ ಬಣ್ಣ ನಂಬುವಂಥದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೂಬಿರೆಡ್ ಎಂಬ ದ್ರಾಕ್ಷಿಯ ದಟ್ಟ ರಸವನ್ನು ಬಣ್ಣಕ್ಕೆಂದೇ ಮಾರುತ್ತಾರೆ. ಬಣ್ಣ ಮೂಗನ್ನೂ ದಾರಿ ತಪ್ಪಿಸುತ್ತದೆ. ಬೋರ್ಡೊದಲ್ಲಿ ವೈನ್ ವಿದ್ಯೆ ಓದುತ್ತಿದ್ದ 54 ಜನರಿಗೆ ಬಿಳಿ ವೈನಿಗೇ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಅದನ್ನು ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಅದು.

ಹಾಗಾಗಿ ಬಾಟಲಿ ಮುಚ್ಚಿಯೇ ನೋಡಬೇಕು. ಒಬ್ಬರು ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಬರೆಯಲಿ, ಬೆಲೆಯನ್ನು ಬಾಯಿ ಬಿಡದಿರಲಿ. ಮೂರು ಬಗೆಯ ವೈನ್ ಇದ್ದರೆ ನಾಲ್ಕು ಗ್ಲಾಸು ಇಡಿ, ಒಂದನ್ನು ಎರಡು ಸಲ ಹಾಕಿ. ಯಾವುದು ಅಂತ ಸುರಿದವರಿಗೆ ಮಾತ್ರ ಗೊತ್ತಿರಲಿ. ಒಂದೇ ವೈನಿಗೆ ಒಮ್ಮೆ 16, ಒಮ್ಮೆ 11 ಕೊಟ್ಟರೆ ಆ ದಿನದ ನಿಮ್ಮ ಅಂಕಗಳನ್ನು ಪಕ್ಕಕ್ಕಿಡಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಕ್ಯಾಲಿಫೋರ್ನಿಯಾದ ರಾಜ್ಯ ಮೇಳದ ಸ್ಪರ್ಧೆಯಲ್ಲಿ ರಾಬರ್ಟ್ ಹಾಡ್ಜ್‌ಸನ್ ಎಂಬುವರು ಅನುಭವಿ ತೀರ್ಪುಗಾರರಿಗೇ ಒಂದೇ ಬಾಟಲಿಯ ವೈನನ್ನು ಮೂರು ಸಲ ಕೊಟ್ಟು ನೋಡಿದರು. ಹತ್ತರಲ್ಲಿ ಒಬ್ಬರು ಮಾತ್ರ ಹತ್ತಿರ ಹತ್ತಿರದ ಅಂಕ ಕೊಟ್ಟರು. ನಾನೂ ಕೆಲಸದ ಮೊದಲ ವರ್ಷಗಳಲ್ಲಿ ಹೀಗೆ ಎಡವಿದ್ದೇನೆ. ಅಂದಿನಿಂದ ಯಾವ ವೈನಿಗೂ ಎರಡು ಸಲ ನೋಡದೆ ತೀರ್ಪು ಬರೆದಿಲ್ಲ. ಬೆಲೆ ಜಾಸ್ತಿ ಇದ್ದದ್ದೇ ರುಚಿ ಅನ್ನುವ ನಂಬಿಕೆಗೂ ಆಧಾರ ಗಟ್ಟಿಯಿಲ್ಲ. 2008ರ ಒಂದು ಅಧ್ಯಯನದಲ್ಲಿ 6,000ಕ್ಕೂ ಹೆಚ್ಚು ಗುಟ್ಟಿನ ರುಚಿ ಪರೀಕ್ಷೆಗಳ ಲೆಕ್ಕ ಹಾಕಿದರು. ತರಬೇತಿ ಇಲ್ಲದವರು ದುಬಾರಿ ವೈನನ್ನು ಸ್ವಲ್ಪ ಕಡಿಮೆಯೇ ಮೆಚ್ಚಿದ್ದರು.

ಗ್ಲಾಸು ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿರಲಿ. ಮೂರನೇ ಒಂದು ಭಾಗವೂ ತುಂಬಬೇಡಿ. ಒಬ್ಬರಿಗೆ ಒಂದು ವೈನಿನಿಂದ 40 ಮಿಲಿ ಸಾಕು. ಉಗುಳಲು ಒಂದು ಪಾತ್ರೆ ಇಡಿ, ದಯವಿಟ್ಟು ಸಂಕೋಚ ಬೇಡ. ನಾಲ್ಕು ಗ್ಲಾಸು ನುಂಗಿದರೆ ನಾಲ್ಕನೆಯದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಆ ಅಂಕಕ್ಕೆ ಅರ್ಥವಿಲ್ಲ. ರುಚಿ ನೋಡಿ ಗಾಡಿ ಓಡಿಸುವವರು ಯಾರೂ ಇರಬಾರದು, 21 ತುಂಬದವರು ಸೇರಬಾರದು. ಉಳಿದ ವೈನಿಗೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಮತ್ತೆ ನೋಡಿ. ಹಣ್ಣು ಇನ್ನೂ ಇದ್ದರೆ ಒಂದು ಅಂಕ ಜಾಸ್ತಿ ಕೊಡಿ. ಬರೀ ಸಕ್ಕರೆ, ಸ್ಪಿರಿಟ್ ಉಳಿದಿದ್ದರೆ ಎರಡು ಕಡಿಮೆ ಮಾಡಿ. ಅಂಕ ಹಾಕಿ ಮುಗಿಯುವ ತನಕ ಉಪ್ಪು ಶೇಂಗಾ ತಟ್ಟೆಯನ್ನು ಮೇಜಿಗೆ ತರಬೇಡಿ. ಉಪ್ಪು ಕಹಿಯನ್ನು ಮರೆಮಾಡುತ್ತದೆ, ಕೆಟ್ಟ ವೈನೂ ಬಚಾವಾಗುತ್ತದೆ. ನೀರು, ಸಪ್ಪೆ ಬ್ರೆಡ್ಡು ಅಥವಾ ಬರೀ ಮಂಡಕ್ಕಿ ಇರಲಿ. ಒಗ್ಗರಣೆ ಹಾಕದ ಮಂಡಕ್ಕಿಯಷ್ಟು ಚೆನ್ನಾಗಿ ನಾಲಿಗೆ ತೊಳೆಯುವ ವಸ್ತು ನನಗೆ ಇನ್ನೊಂದು ಸಿಕ್ಕಿಲ್ಲ.

ಮಿರ್ಚಿಗೆ ಬಂದರೆ, ಖಾರದ ಉರಿಯನ್ನು ಆಲ್ಕೋಹಾಲು ಹೆಚ್ಚಿಸುತ್ತದೆ, ಒಗರೂ ಅದಕ್ಕೆ ಜೊತೆಯಾಗುತ್ತದೆ. ಶೇ 14ರ ಕ್ಯಾಬರ್ನೆ ಮಿಶ್ರಣದ ಜೊತೆ ಬಿಸಿ ಮಿರ್ಚಿ ತಿಂದರೆ ಎರಡೂ ಹಾಳು. ಆದರೆ ಇಲ್ಲಿ ನಿಮ್ಮ ಇಷ್ಟದ ವೈನೇ ಗೆಲ್ಲುತ್ತದೆ. ಒಗರು ಕಡಿಮೆ, ಹಣ್ಣು ಜಾಸ್ತಿ, ಚೂರು ಸಿಹಿ, ಆಲ್ಕೋಹಾಲು ಶೇ 12-12.5 ಇರುವುದನ್ನು ಆರಿಸಿ, 12-13 ಡಿಗ್ರಿಗೆ ಚೆನ್ನಾಗಿ ತಣಿಸಿ ಕೊಡಿ. ಸಿಹಿ ಖಾರವನ್ನು ತಗ್ಗಿಸುತ್ತದೆ, ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ಗೆಳೆಯರು ಹೊಗಳುವ ಒಗರಿನ ವೈನಿಗೆ ಬೆಣ್ಣೆ ದೋಸೆ ಇಡಿ, ಆಲೂಗಡ್ಡೆ ಪಲ್ಯದ ಜೊತೆ, ಚಟ್ನಿ ಇಲ್ಲದೆ. ಬೆಣ್ಣೆ ಆ ಒಗರನ್ನು ಮೆತ್ತಗೆ ಮಾಡುತ್ತದೆ. ದೋಸೆ ಹೆಂಚಿನಿಂದ ಇಳಿದ ಕೂಡಲೇ ತಿನ್ನಬೇಕು, ಹಾಗಾಗಿ ಬಾಟಲಿಯನ್ನು ಮೊದಲೇ ತಣಿಸಿಟ್ಟುಕೊಂಡು ಆಮೇಲೆ ಹೆಂಚು ಕಾಯಿಸಿ.